ಕಾನ್ಸುಲೇಟಿನವರು ತಾಲ್ಲೂಕಿಗೆ ಬಂದಾಗ: ಚಳ್ಳಕೆರೆ, ಮೊಳಕಾಲ್ಮೂರಿನ ಪತ್ರಕರ್ತರಿಗೂ ಮುಖಂಡರಿಗೂ ಮೊದಲ ಪಾಠ

ಬೆಂಗಳೂರಿನಿಂದ ಒಂದು ಫೋನು ಬರುತ್ತದೆ. ‘ನಮ್ಮ ಕಾನ್ಸುಲೇಟಿನ ಅಧಿಕಾರಿಯೊಬ್ಬರು ಮುಂದಿನ ವಾರ ನಿಮ್ಮ ಜಿಲ್ಲೆಗೆ ಬರುತ್ತಿದ್ದಾರೆ. ಅಲ್ಲಿನ ರಾಜಕೀಯ, ಮಳೆ ಬೆಳೆ, ನೀರಿನ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕಂತೆ.’ ಫೋನು ಎತ್ತಿದವರು ತಾಲ್ಲೂಕು ವರದಿಗಾರರಿರಬಹುದು, ಪಕ್ಷದ ಬ್ಲಾಕ್ ಅಧ್ಯಕ್ಷರಿರಬಹುದು, ಗ್ರಾಮ ಪಂಚಾಯಿತಿ ಸದಸ್ಯೆಯಿರಬಹುದು. ಹೂಂ ಅನ್ನಬೇಕೋ ಬೇಡವೋ, ಯಾರನ್ನು ಕೇಳಬೇಕು, ಏನು ಹೇಳಬಹುದು ಎಂದು ಹೇಳಿಕೊಡುವವರು ತಾಲ್ಲೂಕು ಮಟ್ಟದಲ್ಲಿ ಇಲ್ಲ. ಈ ಬರಹ ಅವರಿಗಾಗಿ.

ಇಂಥ ಫೋನುಗಳು ಹೆಚ್ಚಾಗಬಹುದಾದ ಕಾಲ ಇದು. ಅಮೆರಿಕದ ಕಾನ್ಸುಲೇಟ್ ಬೆಂಗಳೂರಿನಲ್ಲಿ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ಅಲ್ಲಿಯವರೆಗೆ ಕರ್ನಾಟಕವೆಲ್ಲ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಯಲ್ಲಿತ್ತು. ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ದೇಶಗಳ ಕಚೇರಿಗಳು ಮೊದಲಿನಿಂದಲೂ ಬೆಂಗಳೂರಿನಲ್ಲಿವೆ. ಅಲ್ಲಿಂದ ಚಳ್ಳಕೆರೆಗೆ ಇನ್ನೂರು ಕಿಲೋಮೀಟರಿನಷ್ಟು ದಾರಿ. ಕುದಾಪುರದ ಸುತ್ತಮುತ್ತ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳೆಲ್ಲ ಬಂದು ನೆಲೆಸಿರುವಾಗ ಹೊರಗಿನವರಿಗೆ ಈ ಸೀಮೆಯ ಬಗ್ಗೆ ಕುತೂಹಲ ಇರುವುದು ಸಹಜ.

ಹಂತ 1: ಬರುವವರು ಯಾರು ಎಂದು ಖಚಿತ ಮಾಡಿಕೊಳ್ಳಿ

ವಿದೇಶಿಯರೆಲ್ಲ ರಾಜತಾಂತ್ರಿಕರಲ್ಲ. ದೆಹಲಿಯಲ್ಲಿರುವುದು ರಾಯಭಾರ ಕಚೇರಿ. ಕಾಮನ್‌ವೆಲ್ತ್ ದೇಶದ್ದಾದರೆ ಅದಕ್ಕೆ ಹೈಕಮಿಷನ್ ಎನ್ನುತ್ತಾರೆ. ಬೆಂಗಳೂರಿನಲ್ಲಿರುವವು ಕಾನ್ಸುಲೇಟುಗಳು; ಬ್ರಿಟನ್ನಿನದು ಮಾತ್ರ ಡೆಪ್ಯುಟಿ ಹೈಕಮಿಷನ್. ಒಳಗೆ ವೀಸಾ ನೋಡುವವರು ಬೇರೆ, ವ್ಯಾಪಾರ ನೋಡುವವರು ಬೇರೆ, ರಾಜಕೀಯ ಬೆಳವಣಿಗೆ ಗಮನಿಸುವವರು ಬೇರೆ. ನಿಮ್ಮನ್ನು ಕಾಣಲು ಬರುವವರು ಸಾಮಾನ್ಯವಾಗಿ ಈ ಕೊನೆಯ ವಿಭಾಗದವರು, ಇಲ್ಲವೇ ಪತ್ರಿಕೆ ಮತ್ತು ಸಂಸ್ಕೃತಿ ವಿಭಾಗದವರು. ‘ಗೌರವ ಕಾನ್ಸುಲ್’ ಎಂದು ಕಾರ್ಡಿನಲ್ಲಿದ್ದರೆ ಅವರು ಬಹುತೇಕ ನಮ್ಮ ದೇಶದವರೇ ಆದ ಉದ್ಯಮಿ ಅಥವಾ ಗಣ್ಯರು, ಪೂರ್ಣಕಾಲಿಕ ಅಧಿಕಾರಿಗಳಲ್ಲ.

ಫೋನು ಮಾಡಿದವರು ಕನ್ನಡದಲ್ಲೇ ಮಾತಾಡಿದರೆ ಅವರು ಆ ಕಚೇರಿಯ ಸ್ಥಳೀಯ ಸಿಬ್ಬಂದಿ. ಅವರನ್ನು ಹಗುರವಾಗಿ ನೋಡಬೇಡಿ. ವಿದೇಶಿ ಅಧಿಕಾರಿ ಕೆಲವು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಈ ಸಿಬ್ಬಂದಿ ಉಳಿಯುತ್ತಾರೆ. ನಿಮ್ಮ ಊರಿನ ಬಗ್ಗೆ ಆ ಕಚೇರಿಗೆ ಇರುವ ನೆನಪು ಅವರ ಬಳಿ ಇರುತ್ತದೆ.

ಫೋನು ಇಟ್ಟ ಮೇಲೆ ಆ ಕಚೇರಿಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ. ಕಚೇರಿಯ ವಿಳಾಸದಿಂದ ಇಮೇಲ್ ಕಳಿಸಲು ಹೇಳಿ. ಅಧಿಕಾರಿಯ ಹೆಸರು, ಹುದ್ದೆ, ಮಾತಾಡಬೇಕಾದ ವಿಷಯ ಅದರಲ್ಲಿರಲಿ. ನಿಜವಾದ ಕಚೇರಿ ಇದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ. ಕಾರಿನ ನಂಬರ್ ಪ್ಲೇಟೂ ಒಂದು ಗುರುತು: ನೀಲಿ ಫಲಕ, ಬಿಳಿ ಅಕ್ಷರ, ರಾಯಭಾರ ಕಚೇರಿಯದಕ್ಕೆ ‘ಸಿಡಿ’, ಕಾನ್ಸುಲೇಟಿನದಕ್ಕೆ ‘ಸಿಸಿ’. ಸಂಶೋಧಕರು, ಸಲಹೆಗಾರರು ಎಂದು ಹೇಳಿಕೊಂಡು ಬಂದು ಇದಾವುದನ್ನೂ ಕೊಡಲು ಹಿಂಜರಿಯುವವರ ಜೊತೆ ಕೂರಬೇಡಿ.

ಹಂತ 2: ಅವರ ಹಕ್ಕು, ಅವರ ಗೆರೆ ಎರಡನ್ನೂ ತಿಳಿದಿರಿ

1961ರ ವಿಯೆನ್ನಾ ಒಪ್ಪಂದದ 3ನೇ ವಿಧಿಯ ಪ್ರಕಾರ, ತಾನಿರುವ ದೇಶದ ಸ್ಥಿತಿಗತಿಯನ್ನು ಕಾನೂನುಬದ್ಧ ದಾರಿಯಲ್ಲಿ ತಿಳಿದು ತನ್ನ ಸರ್ಕಾರಕ್ಕೆ ವರದಿ ಮಾಡುವುದು ರಾಜತಾಂತ್ರಿಕರ ಕೆಲಸವೇ. ಕಾನ್ಸುಲೇಟುಗಳಿಗೆ 1963ರ ಇನ್ನೊಂದು ಒಪ್ಪಂದವಿದೆ. ನಮ್ಮ ಸಂಸತ್ತು 1972ರಲ್ಲಿ ಮೊದಲನೆಯದಕ್ಕೆ ಕಾಯ್ದೆಯ ಬಲ ಕೊಟ್ಟಿದೆ. ಆದ್ದರಿಂದ ಅವರು ಬಂದು ಶೇಂಗಾ ಬೆಲೆ ಏನು, ಯಾವ ಪಕ್ಷಕ್ಕೆ ಗಾಳಿ ಇದೆ ಎಂದು ಕೇಳಿದರೆ ಅದು ಗೂಢಚರ್ಯೆಯಲ್ಲ. ನಮ್ಮ ರಾಯಭಾರಿಗಳೂ ಬೇರೆ ದೇಶಗಳ ಪ್ರಾಂತ್ಯಗಳಲ್ಲಿ ಗವರ್ನರುಗಳನ್ನು, ಮೇಯರುಗಳನ್ನು, ಸಣ್ಣ ಊರಿನ ಸಂಪಾದಕರನ್ನು ಕಂಡು ಹೀಗೆಯೇ ವಿಚಾರಿಸುತ್ತಾರೆ.

ಅದೇ ಒಪ್ಪಂದಗಳ 41 ಮತ್ತು 55ನೇ ವಿಧಿಗಳು ಗೆರೆಯನ್ನೂ ಎಳೆದಿವೆ: ಆ ದೇಶದ ಕಾನೂನನ್ನು ಗೌರವಿಸಬೇಕು, ಆಂತರಿಕ ವ್ಯವಹಾರದಲ್ಲಿ ತಲೆ ಹಾಕಬಾರದು. ಯಾರಿಗೆ ಟಿಕೆಟ್ ಸಿಗಬಹುದು ಎಂದು ಕೇಳುವುದು ಗೆರೆಯ ಈಚೆ. ಇಂಥವರಿಗೆ ಸಿಗುವಂತೆ ನೋಡಿಕೊಳ್ಳಿ ಎನ್ನುವುದು ಆಚೆ. ಅಂಥ ಮಾತು ಬಂದರೆ ‘ಇದು ನಮ್ಮ ಮನೆ ವಿಷಯ, ಬಿಟ್ಟುಬಿಡಿ’ ಎಂದು ನೇರವಾಗಿ ಹೇಳಿ ಮುಂದಕ್ಕೆ ಹೋಗಿ.

ಹಂತ 3: ತಿಳಿಸಬೇಕಾದವರಿಗೆ ತಿಳಿಸಿ

ಪತ್ರಕರ್ತರಾದರೆ ನಿಮ್ಮ ಸಂಪಾದಕರಿಗೆ ಅಥವಾ ಜಿಲ್ಲಾ ವರದಿಗಾರರಿಗೆ; ಪಕ್ಷದವರಾದರೆ ಜಿಲ್ಲಾ ಅಧ್ಯಕ್ಷರಿಗೆ; ಚುನಾಯಿತರಾದರೆ ತಹಶೀಲ್ದಾರರಿಗೂ ಒಂದು ಸಾಲಿನ ಪತ್ರ. ಇದು ಅನುಮತಿ ಕೇಳುವುದಲ್ಲ, ಮುಚ್ಚುಮರೆಯಿಲ್ಲ ಎಂದು ತೋರಿಸುವುದು. ಸರ್ಕಾರಿ ನೌಕರರ ವಿಷಯ ಬೇರೆ: ಮೇಲಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರು ಕೂರಲೇಬಾರದು.

ಹಂತ 4: ಜಾಗ

ಪ್ರವಾಸಿ ಮಂದಿರ, ಪಂಚಾಯಿತಿ ಸಭಾಂಗಣ, ಪತ್ರಕರ್ತರ ಸಂಘದ ಕಚೇರಿ. ಯಾರದೋ ತೋಟದ ಮನೆ ಬೇಡ, ರಾತ್ರಿ ಊಟದ ಕೂಟ ಬೇಡ. ಒಬ್ಬರೇ ಹೋಗದೆ ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಆ ಕಡೆಯವರೂ ಹಾಗೆಯೇ ಮಾಡುತ್ತಾರೆ.

ಹಾರ, ಶಾಲು, ಮೈಸೂರು ಪೇಟ, ಫೋಟೊ, ಭಾಷಣ ಇವುಗಳಲ್ಲೇ ಸಮಯ ಕಳೆಯಬೇಡಿ. ಸನ್ಮಾನ ಮುಗಿದು ಮಾತು ಶುರುವಾಗುವಷ್ಟರಲ್ಲಿ ಕಾರು ಸ್ಟಾರ್ಟ್ ಆಗಿರುತ್ತದೆ.

ಹಂತ 5: ಕುಶಲ ಮೊದಲು, ಕೆಲಸ ಆಮೇಲೆ

ಮೊಳಕಾಲ್ಮೂರಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ನೋಡಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲಷ್ಟೇ ದೊರೆಯ ಮಾತಿಗೆ ಬರುತ್ತದೆ. ಹೇಳಿದವರು ಯಾರು, ಯಾರ ಮೂಲಕ, ಯಾರಿಗೆ ಎಂಬುದೆಲ್ಲ ಸ್ಪಷ್ಟ. ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೊರೆದಿದ್ದಾನೆ; ಲಿಪಿಕಾರ ಎಂಬ ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಧಿಕಾರದ ಮಾತು ಈ ನೆಲಕ್ಕೆ ದೂರದಿಂದ ಬರುವುದು ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ನಡೆದಿದೆ. ಬಂದ ಅತಿಥಿಗೆ ಬಿಡುವಿದ್ದರೆ ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ. ಊರಿನ ಬಗ್ಗೆ ಅದಕ್ಕಿಂತ ಒಳ್ಳೆಯ ಪರಿಚಯ ಪತ್ರ ನಮ್ಮಲ್ಲಿ ಇಲ್ಲ.

ಕರೆಯುವುದಕ್ಕೆ ‘ಸರ್’, ‘ಮೇಡಂ’ ಸಾಕು. ‘ಎಕ್ಸಲೆನ್ಸಿ’ ಎಂಬುದು ರಾಯಭಾರಿಗಳಿಗೆ. ಕಾನ್ಸುಲೇಟಿನ ಅಧಿಕಾರಿಗಳಿಗೆ ಅದರ ಅಗತ್ಯವಿಲ್ಲ.

ಹಂತ 6: ನಿಮ್ಮ ಊರಿನ ಲೆಕ್ಕ ನಿಮ್ಮ ಕೈಯಲ್ಲಿರಲಿ

ತಾಲ್ಲೂಕಿನ ಜನ ಹೆಚ್ಚಾಗಿ ಎಡವುವುದು ಇಲ್ಲಿ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಚಿಂತಿಸುತ್ತಾರೆ, ಅಂಕಿಅಂಶ ತರುವುದನ್ನು ಮರೆಯುತ್ತಾರೆ. ಬಂದವರು ಇಂಗ್ಲಿಷ್ ಕೇಳಲು ಬಂದಿಲ್ಲ. ಬೆಂಗಳೂರಿನ ವಿಶ್ಲೇಷಕರು ಹೇಳಲಾರದ್ದನ್ನು ಕೇಳಲು ಬಂದಿದ್ದಾರೆ.

ಒಂದು ಉದಾಹರಣೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಒಂದಕ್ಕೊಂದು ಅಂಟಿಕೊಂಡಿವೆ. ಚಳ್ಳಕೆರೆ 2013, 2018, 2023 ಮೂರು ಸಲವೂ ಕಾಂಗ್ರೆಸ್ಸಿನ ಟಿ. ರಘುಮೂರ್ತಿಯವರನ್ನೇ ಕಳಿಸಿತು. ಮೊಳಕಾಲ್ಮೂರು 2013ರಲ್ಲಿ ಬಿಎಸ್ಆರ್ ಕಾಂಗ್ರೆಸ್ಸಿನ ಎಸ್. ತಿಪ್ಪೇಸ್ವಾಮಿ, 2018ರಲ್ಲಿ ಬಿಜೆಪಿಯ ಬಿ. ಶ್ರೀರಾಮುಲು, 2023ರಲ್ಲಿ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಹೀಗೆ ಮೂರು ಚುನಾವಣೆಗೆ ಮೂರು ಪಕ್ಷವನ್ನು ಆರಿಸಿತು. ಫಲಿತಾಂಶದ ಪಟ್ಟಿ ಅವರ ಬಳಿ ಇದ್ದೇ ಇರುತ್ತದೆ. ಯಾಕೆ ಹೀಗಾಯಿತು ಎಂಬುದು ನಿಮಗೆ ಮಾತ್ರ ಗೊತ್ತು: ಬಳ್ಳಾರಿಯ ನಂಟು ಎಷ್ಟು, ಆಂಧ್ರದ ಗಡಿಯ ಊರುಗಳ ತೆಲುಗು ನಂಟು ಎಷ್ಟು, ಮ್ಯಾಸಬೇಡರ ಹಟ್ಟಿಗಳಲ್ಲಿ ಯಾರ ಮಾತು ನಡೆಯುತ್ತದೆ, ಕಾಡುಗೊಲ್ಲರು, ಲಂಬಾಣಿಗಳು ಏನು ಕೇಳುತ್ತಿದ್ದಾರೆ. ಇದನ್ನು ಪಕ್ಷದ ಬಾಯಿಂದಲ್ಲದೆ ಊರಿನ ಬಾಯಿಂದ ಹೇಳಿದರೆ ಅದಕ್ಕೆ ಬೆಲೆ.

ನೀರಿನ ಮಾತು ಬಂದೇ ಬರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರದ 2023ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣಕ್ಕಾಗಿ ಜಿಲ್ಲೆಯಲ್ಲಿ ಹೋರಾಟಗಳು ನಡೆದಿವೆ. ಇದನ್ನು ಹೇಳುವಾಗ ದಿನಾಂಕ, ಮೊತ್ತ, ಈಗ ಕಾಮಗಾರಿ ಎಲ್ಲಿಗೆ ಬಂದಿದೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಣ್ಣೆ ಗಿರಣಿಗಳಿಂದ ಹೆಸರಾಗಿದ್ದ ಚಳ್ಳಕೆರೆಯಲ್ಲಿ ಈಗ ಓಡುತ್ತಿರುವವು ಎಷ್ಟು, ಮೊಳಕಾಲ್ಮೂರು ರೇಷ್ಮೆ ಸೀರೆಯ ಮಗ್ಗಗಳಲ್ಲಿ ಕೂರುವವರು ಎಷ್ಟು ಮಂದಿ, ಕಂಬಳಿ ನೇಯುವವರಿಗೆ ಉಣ್ಣೆ ಯಾವ ದರದಲ್ಲಿ ಸಿಗುತ್ತಿದೆ ಎಂಬುದನ್ನು ಹೋಗುವ ಮುಂಚೆ ನೀವೇ ವಿಚಾರಿಸಿ. ಆ ಓಡಾಟದಲ್ಲೇ ನಿಮಗೆ ಎರಡು ಸುದ್ದಿ ಸಿಗುತ್ತವೆ.

ಅನುವಾದಕರು ನಿಮ್ಮವರಿದ್ದರೆ ಒಳ್ಳೆಯದು. ಪದವಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಸಾಕು. ಅತಿಥಿಯ ಕಡೆಯವರೇ ಅನುವಾದಿಸುತ್ತಿದ್ದರೆ ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ, ಪ್ರತಿ ವಾಕ್ಯಕ್ಕೂ ನಿಲ್ಲಿಸಿ. ‘ನಮ್ಮವರು’, ‘ಆ ಕಡೆಯವರು’ ಎನ್ನಬೇಡಿ. ಹೊರಗಿನ ಕಿವಿಗೆ ಅದು ಜಾತಿಯೋ ಪಕ್ಷವೋ ಊರೋ ತಿಳಿಯುವುದಿಲ್ಲ.

ಹಂತ 7: ಮಾತಿನ ಷರತ್ತನ್ನು ಮಾತಿಗೆ ಮುಂಚೆಯೇ ಮಾಡಿಕೊಳ್ಳಿ

ಉಳಿದ ಹಂತಗಳನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ರಾಜತಾಂತ್ರಿಕರ ಜೊತೆ ಆಡಿದ ಮಾತು ಗಾಳಿಗೆ ಹೋಗುವುದಿಲ್ಲ, ವರದಿಯಾಗುತ್ತದೆ. ಅದರಲ್ಲಿ ನಿಮ್ಮ ಹೆಸರು, ಹುದ್ದೆ, ಕೆಲವೊಮ್ಮೆ ನಿಮ್ಮ ಸ್ವಭಾವದ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ.

2010ರ ನವೆಂಬರ್ 28ರಿಂದ ವಿಕಿಲೀಕ್ಸ್ ಅಮೆರಿಕದ ರಾಯಭಾರ ಕಚೇರಿಗಳ ವರದಿಗಳನ್ನು ಬಯಲು ಮಾಡತೊಡಗಿತು. ಒಟ್ಟು 2,51,287 ವರದಿಗಳು. 2011ರ ಮಾರ್ಚಿನಲ್ಲಿ ‘ದಿ ಹಿಂದೂ’ ಪತ್ರಿಕೆ ಭಾರತಕ್ಕೆ ಸಂಬಂಧಿಸಿದವನ್ನು ಸಾಲಾಗಿ ಪ್ರಕಟಿಸಿತು. ಅದರಲ್ಲೊಂದು, 2009ರ ಮೇ ತಿಂಗಳಲ್ಲಿ ಚೆನ್ನೈ ಕಾನ್ಸುಲೇಟ್ ಕಳಿಸಿದ್ದು: ದಕ್ಷಿಣ ಭಾರತದ ಚುನಾವಣೆಗಳಲ್ಲಿ ಮತಕ್ಕೆ ಹಣ ಹಂಚುವುದರ ಬಗ್ಗೆ. ಮದುರೈನಂಥ ಕಡೆ ಮುಖಂಡರನ್ನು ಭೇಟಿಯಾಗಿ ಅಧಿಕಾರಿಗಳು ಕೇಳಿಕೊಂಡ ಮಾತುಗಳು ಹೆಸರು ಸಮೇತ ಅದರಲ್ಲಿದ್ದವು. ಎರಡು ವರ್ಷದ ಮೇಲೆ ಅವೆಲ್ಲ ಮುಖಪುಟಕ್ಕೆ ಬಂದಾಗ, ಹೆಸರಿದ್ದ ಕೆಲವರು ತಾವು ಹಾಗೆ ಹೇಳಲೇ ಇಲ್ಲ ಎಂದರು. ಹೇಳಿದ್ದರೋ ಇಲ್ಲವೋ, ಅವರ ಕೈಯಲ್ಲಿ ಬೇರೆ ದಾಖಲೆ ಇರಲಿಲ್ಲ; ಇದ್ದದ್ದು ಕೇಳಿಸಿಕೊಂಡವರ ದಾಖಲೆ ಮಾತ್ರ.

ಆದ್ದರಿಂದ ಚಹಾ ಬರುವುದಕ್ಕೆ ಮುಂಚೆ ಕೇಳಿ: ‘ಸರ್, ನಾನು ಹೇಳಿದ್ದನ್ನ ನನ್ನ ಹೆಸರು ಹಾಕಿ ಬರೀತೀರಾ? ನೀವು ಹೇಳಿದ್ದನ್ನ ನಾನು ಪತ್ರಿಕೇಲಿ ಬರೀಬಹುದಾ?’ ಉತ್ತರ ಮೂರು ಬಗೆಯಲ್ಲಿ ಬರಬಹುದು. ಹೆಸರು ಸಮೇತ ಬಳಸಬಹುದು, ಹೆಸರಿಲ್ಲದೆ ‘ಕಾನ್ಸುಲೇಟಿನ ಅಧಿಕಾರಿಯೊಬ್ಬರು’ ಎಂದು ಬಳಸಬಹುದು, ಬಳಸಲೇಬಾರದು. ಅವರಿಗೆ ಯಾವ ಷರತ್ತೋ ನಿಮಗೂ ಅದೇ ಇರಲಿ ಎಂದು ಹೇಳುವ ಹಕ್ಕು ನಿಮಗಿದೆ. ಒಪ್ಪಿದ್ದನ್ನು ನಿಮ್ಮ ಜೊತೆಗಿರುವವರು ಪುಸ್ತಕದಲ್ಲಿ ಬರೆದುಕೊಳ್ಳಲಿ. ಗುಟ್ಟಾಗಿ ರೆಕಾರ್ಡ್ ಮಾಡಬೇಡಿ. ಮಾಡುವುದಾದರೆ ಫೋನನ್ನು ಮೇಜಿನ ಮೇಲಿಟ್ಟು ಕೇಳಿಯೇ ಮಾಡಿ.

ಷರತ್ತು ಏನೇ ಇದ್ದರೂ, ನಾಳೆ ಚಳ್ಳಕೆರೆಯ ನೆಹರೂ ವೃತ್ತದಲ್ಲಿ ಮೈಕಿನಲ್ಲಿ ಹೇಳಲಾಗದ ಮಾತನ್ನು ಅಲ್ಲಿ ಹೇಳಬೇಡಿ. ಎದುರಾಳಿ ಪಕ್ಷದವರ ಮನೆ ವಿಷಯ, ಇನ್ನೊಬ್ಬ ಪತ್ರಕರ್ತರ ಮೇಲಿನ ದೂರು, ಅಧಿಕಾರಿಗಳ ಬಗ್ಗೆ ಕೇಳಿದ ಗಾಳಿಸುದ್ದಿ ಇವು ಅಲ್ಲಿಗೆ ಹೋಗಬಾರದು. ಒಬ್ಬ ವ್ಯಕ್ತಿಯ ಬಗ್ಗೆ ಹೊರದೇಶದ ಕಡತದಲ್ಲಿ ತಪ್ಪು ಸಾಲು ಸೇರಿದರೆ ಅದನ್ನು ಅಳಿಸಲು ಆ ವ್ಯಕ್ತಿಗೆ ದಾರಿಯೇ ಇರುವುದಿಲ್ಲ.

ಹಂತ 8: ಕಾವಲಿನ ಮಾತು ಬಂದಾಗ

ಅಮೃತ ಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು ಇಂದು ವಿಜ್ಞಾನ ನಗರಿ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ, ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಎಲ್ಲಕ್ಕೂ ಇಲ್ಲಿ ಜಾಗ ಸಿಕ್ಕಿತು. ದನ, ಕುರಿ ಮೇಯಿಸುತ್ತಿದ್ದ ಊರುಗಳವರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಗಿ 2014ರಲ್ಲಿ ತೀರ್ಪು ಬಂತು. 2015ರ ಡಿಸೆಂಬರಿನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆ ಇಲ್ಲಿ ಗುಪ್ತ ಅಣು ನಗರ ಕಟ್ಟುತ್ತಿದ್ದಾರೆ ಎಂದು ದೀರ್ಘ ಲೇಖನ ಬರೆಯಿತು. ಅಂದಿನಿಂದ ಚಳ್ಳಕೆರೆ ಎಂಬ ಹೆಸರು ದೂರದ ರಾಜಧಾನಿಗಳ ಕಡತಗಳಲ್ಲಿದೆ ಎಂದುಕೊಂಡೇ ಮಾತಿಗೆ ಕೂರಿ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಇಡಿ. ಭೂಮಿಯ ವಿಷಯ ಸಾರ್ವಜನಿಕ. ಗೋಮಾಳ ಹೋದದ್ದು, ಕುರಿಗಾಹಿಗಳ ದಾರಿ ತಪ್ಪಿದ್ದು, ದೇವರ ಎತ್ತುಗಳಿಗೆ ಮೇವಿನ ಕೊರತೆ, ತೀರ್ಪಿನಲ್ಲಿರುವ ಮಾತು ಎಲ್ಲವನ್ನೂ ಧೈರ್ಯವಾಗಿ ಹೇಳಬಹುದು, ಹೇಳಬೇಕು ಕೂಡ. ಇಸ್ರೊ ತಾನೇ ಪ್ರಕಟಿಸಿದ ಸಂಗತಿಗಳೂ ಹಾಗೆಯೇ. ಮರುಬಳಕೆಯ ಉಡಾವಣಾ ವಾಹನವನ್ನು ಇಲ್ಲಿನ ರನ್‌ವೇಯಲ್ಲಿ 2023ರ ಏಪ್ರಿಲ್ 2ರಂದು ಮೊದಲ ಸಲ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ ಇಳಿಸಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ.

ಬೇಲಿಯ ಒಳಗಿನದು ಹಾಗಲ್ಲ. ಯಾವ ಗೇಟಿನಲ್ಲಿ ಎಷ್ಟು ಕಾವಲು, ಡ್ರೋನ್ ಯಾವ ಹೊತ್ತಿನಲ್ಲಿ ಹಾರುತ್ತದೆ, ಒಳಗೆ ಕೆಲಸ ಮಾಡುವ ನಿಮ್ಮೂರಿನ ಹುಡುಗನ ಹೆಸರೇನು, ಅವನ ಮೊಬೈಲಿನಲ್ಲಿರುವ ಫೋಟೊ ಯಾವುದು ಎಂಬುದು ಕುತೂಹಲದ ಪ್ರಶ್ನೆಯಂತೆ ಕಂಡರೂ ಉತ್ತರ ಕೊಡಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ, ರಕ್ಷಣಾ ನೆಲೆಗೆ ಸಂಬಂಧಿಸಿದ ಅಪರಾಧಕ್ಕೆ 14 ವರ್ಷದವರೆಗೆ ಜೈಲು ಇದೆ. ರಾಜತಾಂತ್ರಿಕರಿಗೆ ಒಪ್ಪಂದದ ರಕ್ಷಣೆ ಉಂಟು, ನಿಮಗೆ ಇಲ್ಲ. ‘ಅದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವ ವಿಷಯವಲ್ಲ’ ಎಂದರೆ ಸಾಕು. ಅನುಭವಿ ಅಧಿಕಾರಿ ಮತ್ತೆ ಕೇಳುವುದಿಲ್ಲ. ಕಾವಲಿನ ಬೇಲಿಯ ಪಕ್ಕ ಅತಿಥಿಯ ಕಾರು ನಿಲ್ಲಿಸಿ ಫೋಟೊ ತೆಗೆಯುವ ಪ್ರಸಂಗಕ್ಕೂ ಎಡೆಗೊಡಬೇಡಿ.

ಹಂತ 9: ಹಣ, ಉಡುಗೊರೆ, ವಿದೇಶ ಪ್ರವಾಸ

2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಸೆಕ್ಷನ್ ಓದಿಕೊಳ್ಳಿ. ಚುನಾವಣಾ ಅಭ್ಯರ್ಥಿ, ರಾಜಕೀಯ ಪಕ್ಷ, ಅದರ ಪದಾಧಿಕಾರಿ, ಸರ್ಕಾರಿ ನೌಕರ, ಶಾಸನ ಸಭೆಯ ಸದಸ್ಯ, ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ ಇವರು ವಿದೇಶಿ ಮೂಲದ ದೇಣಿಗೆ ಪಡೆಯುವಂತಿಲ್ಲ. ಬಹಳ ಜನಕ್ಕೆ ತಿಳಿಯದ ಸಂಗತಿ: ಈ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಶಾಸನ ಸಭೆ’ ಎಂದರೆ ವಿಧಾನಸಭೆ, ಸಂಸತ್ತು ಮಾತ್ರವಲ್ಲ, ಪುರಸಭೆ, ನಗರಸಭೆ, ಪಂಚಾಯಿತಿಗಳೂ ಸೇರುತ್ತವೆ. ಅಂದರೆ ಪರಶುರಾಂಪುರದ ಗ್ರಾಮ ಪಂಚಾಯಿತಿ ಸದಸ್ಯರಿಗೂ ಸಂಸದರಿಗೂ ಇಲ್ಲಿ ಒಂದೇ ನಿಯಮ. 6ನೇ ಸೆಕ್ಷನ್ ಪ್ರಕಾರ ಚುನಾಯಿತರು, ಪಕ್ಷದ ಪದಾಧಿಕಾರಿಗಳು ವಿದೇಶದವರ ಖರ್ಚಿನಲ್ಲಿ ಹೊರದೇಶಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು.

ವಿದ್ಯಾರ್ಥಿವೇತನ, ಸ್ಟೈಪೆಂಡುಗಳಿಗೆ 4ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದ್ದರಿಂದ ಬ್ರಿಟನ್ನಿನ ಚೆವನಿಂಗ್‌ನಂಥ ಫೆಲೋಶಿಪ್ಪಿಗೆ ಯುವ ಪತ್ರಕರ್ತರು ಅರ್ಜಿ ಹಾಕಲು ಅಂಜಬೇಕಿಲ್ಲ. ಅರ್ಜಿ ಹಾಕುವ ಮುಂಚೆ ಸಂಪಾದಕರಿಗೆ ತಿಳಿಸಿ. ಅತಿಥಿ ಕೊಡುವ ಪುಸ್ತಕ, ಪೆನ್ನು ತೆಗೆದುಕೊಳ್ಳಿ. ಲಕೋಟೆ ಬೇಡ, ‘ದಾರಿ ಖರ್ಚು’ ಬೇಡ, ಲೇಖನಕ್ಕೆ ಸಂಭಾವನೆ ಎಂಬ ಮಾತೂ ಬೇಡ.

ಹಂತ 10: ಈಗ ನೀವು ಕೇಳಿ

ಅರ್ಧ ಗಂಟೆಯ ಭೇಟಿಯಲ್ಲಿ ಹತ್ತು ನಿಮಿಷ ನಿಮ್ಮದು ಎಂದು ಮೊದಲೇ ಹೇಳಿಟ್ಟುಕೊಳ್ಳಿ. ನಿಮ್ಮ ದೇಶ ಶೇಂಗಾ, ಶೇಂಗಾ ಎಣ್ಣೆ ಎಲ್ಲಿಂದ ತರಿಸಿಕೊಳ್ಳುತ್ತದೆ, ಗುಣಮಟ್ಟದ ನಿಯಮವೇನು? ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆಗೆ ನಿಮ್ಮಲ್ಲಿ ಮಾರುಕಟ್ಟೆ ಉಂಟೇ, ಸುಂಕ ಎಷ್ಟು? ನಮ್ಮ ಹುಡುಗಿಯರು ನರ್ಸಿಂಗ್ ಓದಿ ಬಂದರೆ ದಾರಿ ಯಾವುದು, ಏಜೆಂಟರ ಮೋಸ ತಪ್ಪಿಸಲು ಯಾರಿಗೆ ದೂರು ಕೊಡಬೇಕು? ಪತ್ರಕರ್ತರಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ: ನೀವು ಈ ತಾಲ್ಲೂಕನ್ನೇ ಆರಿಸಿದ್ದು ಯಾಕೆ? ಇನ್ನು ಯಾರನ್ನು ಕಾಣುತ್ತಿದ್ದೀರಿ? ಉತ್ತರ ಬರದಿದ್ದರೆ, ಬರಲಿಲ್ಲ ಎಂಬುದನ್ನೂ ಬರೆದುಕೊಳ್ಳಿ.

ಅವರು ಕಾಣುವವರ ಪಟ್ಟಿಯಲ್ಲಿ ಹೆಂಗಸರಿಲ್ಲದಿದ್ದರೆ, ಕುರಿಗಾಹಿಗಳಿಲ್ಲದಿದ್ದರೆ, ಮಗ್ಗದವರಿಲ್ಲದಿದ್ದರೆ ನೀವೇ ಹೆಸರು ಸೂಚಿಸಿ. ಅವರನ್ನು ಮೊದಲು ಕೇಳಿ, ಒಪ್ಪಿದ ಮೇಲೆ.

ಹಂತ 11: ಭೇಟಿಯ ದಿನವೇ ಬರೆದಿಡಿ

ದಿನಾಂಕ, ಜಾಗ, ಇದ್ದವರು, ಒಪ್ಪಿದ ಷರತ್ತು, ಅವರ ಪ್ರಶ್ನೆಗಳು, ನಿಮ್ಮ ಉತ್ತರಗಳು. ಎರಡು ಪುಟ ಸಾಕು. ಇಬ್ಬರೂ ಸಹಿ ಹಾಕಿ ಕಡತದಲ್ಲಿಡಿ, ಒಂದು ಪ್ರತಿಯನ್ನು ಸಂಪಾದಕರಿಗೆ ಅಥವಾ ಪಕ್ಷದ ಕಚೇರಿಗೆ ಕಳಿಸಿ. ಪತ್ರಿಕೆಯಲ್ಲಿ ಬರೆಯಬಹುದು ಎಂದು ಒಪ್ಪಿಗೆಯಾಗಿದ್ದರೆ ಮಾರನೆಯ ದಿನವೇ ಸುದ್ದಿ ಮಾಡಿ. ಗುಸುಗುಸು ಹುಟ್ಟುವ ಮೊದಲು ಜನರಿಗೆ ತಿಳಿದರೆ ನಿಮಗೂ ಒಳ್ಳೆಯದು, ಅತಿಥಿಗೂ ಒಳ್ಳೆಯದು.

ಆ ವಾರದಲ್ಲೇ ಕಾನ್ಸುಲೇಟಿಗೆ ಒಂದು ಇಮೇಲ್ ಹಾಕಿ. ಧನ್ಯವಾದ ಒಂದು ಸಾಲು. ನಿಮ್ಮ ಮಾತಿನಲ್ಲಿ ಅಂಕಿ ಏನಾದರೂ ತಪ್ಪಿದ್ದರೆ ಸರಿಪಡಿಸಿದ ಅಂಕಿ. ನೀವು ಕೇಳಿ ಉತ್ತರ ಬಾರದೆ ಉಳಿದ ಪ್ರಶ್ನೆಗಳ ಪಟ್ಟಿ, ಉತ್ತರ ಯಾವಾಗ ಬರುತ್ತದೆ ಎಂಬ ವಿಚಾರಣೆ. ಫೋನು ಮಾಡಿದ್ದ ಆ ಸ್ಥಳೀಯ ಸಿಬ್ಬಂದಿಗೂ ಅದರ ಪ್ರತಿ ಹೋಗಲಿ. ತಿಂಗಳೊಳಗೆ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ.